ತರಗತಿಯಲ್ಲಿ ಮಕ್ಕಳು ಪ್ರಶ್ನೆ ಕೇಳುವಂತೆ ಮಾಡುವುದು ಹೇಗೆ: ಅರಿಶಿನದ ಕಾಗದದಿಂದ ಶುರು ಮಾಡಿ

"ಏನಾದ್ರೂ ಡೌಟ್ ಇದೆಯಾ?" ಅಂತ ಕೇಳುತ್ತೇವೆ. ಇಡೀ ತರಗತಿ ರಾಗವಾಗಿ "ಇಲ್ಲಾ ಮೇಡಂ" ಅನ್ನುತ್ತದೆ. ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸುತ್ತೇವೆ. ಪಾಠ ಮುಗಿಯಿತು.

ಶಿಕ್ಷಕ ಗೆಳೆಯರು ನನಗೆ ಮತ್ತೆ ಮತ್ತೆ ಹೇಳುವ ಮಾತು ಒಂದೇ: "ಕೇಳಿ ಕೇಳಿ ಅಂತ ನಾನೇ ಹೇಳ್ತೀನಿ, ಮಕ್ಕಳೇ ಬಾಯಿ ಬಿಡಲ್ಲ." ತರಬೇತಿಯಲ್ಲಿ ಹೇಳಿದಂತೆ ಪ್ರಶ್ನೆ ಪೆಟ್ಟಿಗೆ ಇಟ್ಟಿರುತ್ತಾರೆ, ಎರಡು ವಾರ ಬಿಟ್ಟು ತೆಗೆದರೆ ಅದರಲ್ಲಿ ಚಾಕೊಲೇಟ್ ಕಾಗದ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇಲ್ಲಿ ಕೆಟ್ಟಿರುವುದು ಕ್ರಮ. ಪಾಠ ಪೂರ್ತಿ ಹೇಳಿ ಮುಗಿಸಿ ಆಮೇಲೆ ಡೌಟ್ ಕೇಳಿ ಅಂದರೆ ಮಗುವಿಗೆ ಕೇಳಲು ಉಳಿಯುವುದೇನು? "ಎಲ್ಲರಿಗೂ ಅರ್ಥವಾಗಿದೆ, ನನಗೆ ಮಾತ್ರ ಆಗಿಲ್ಲ" ಅಂತ ಒಪ್ಪಿಕೊಳ್ಳುವುದಷ್ಟೇ. ಅದನ್ನು ನಲವತ್ತು ಜನರ ಮುಂದೆ ಯಾರು ಒಪ್ಪಿಕೊಳ್ಳುತ್ತಾರೆ ಹೇಳಿ. ಪ್ರಶ್ನೆ ವಿವರಣೆಗಿಂತ ಮೊದಲು ಬರಬೇಕು. ಹಾಗೆ ತರಲು ಮಾಡಬೇಕಾದ ಕೆಲಸಗಳಿವೆ, ಅವಕ್ಕೊಂದು ವರಸೆ ಇದೆ.

7ನೇ ತರಗತಿಯ ಆಮ್ಲ, ಪ್ರತ್ಯಾಮ್ಲದ ಪಾಠವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಬೇಕಾದ ಸಾಮಾನು ಯಾವ ಊರಲ್ಲಾದರೂ ಸಿಗುತ್ತದೆ, ಆಗುವುದು ಮಕ್ಕಳ ಕಣ್ಣೆದುರೇ ಆಗುತ್ತದೆ. ನಿಮ್ಮ ವಿಷಯ ಸಮಾಜ, ಗಣಿತ, ಕನ್ನಡ ಯಾವುದಾದರೂ ಇರಲಿ, ವರಸೆ ಇದೇ.

## ಏನೇನು ಬೇಕು

ಅರ್ಧ ಚಮಚ ಅರಿಶಿನ ಪುಡಿ, ನಾಲ್ಕೈದು ಬಿಳಿ ಹಾಳೆ, ಸ್ನಾನದ ಸಾಬೂನು, ಅಡುಗೆ ಸೋಡಾ, ಒಂದು ನಿಂಬೆಹಣ್ಣು, ಹುಣಸೆ ನೀರು, ಎಲೆ ಅಡಿಕೆ ಅಂಗಡಿಯ ಚೂರು ಸುಣ್ಣ. ಗುಂಪಿಗೊಂದು ಹಳೆಯ ಬಾಟಲಿ ಮುಚ್ಚಳ ಸಾಕು, ಬೀಕರ್ ಬೇಡ.

ಇವುಗಳ ಜೊತೆ ಒಂದು ದೊಡ್ಡ ಚಾರ್ಟ್, ಒಂದು ಮಾರ್ಕರ್, ಸೆಕೆಂಡ್ ಮುಳ್ಳಿರುವ ಗಡಿಯಾರ. ಇನ್ನೊಂದು 100 ಪುಟದ ನೋಟ್‌ಬುಕ್. ಇದಕ್ಕೆ "ಪ್ರಶ್ನೆ ಪುಸ್ತಕ" ಅಂತ ಹೆಸರು ಬರೆದಿಡಿ. ಇದನ್ನು ಮಾತ್ರ ತಪ್ಪಿಸಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ.

## ಹಂತ 1: ಮೊದಲು ನಿಮ್ಮನ್ನೇ ಎಣಿಸಿಕೊಳ್ಳಿ

ಹೊಸದೇನನ್ನೂ ಶುರು ಮಾಡುವ ಮುಂಚೆ ಮೂರು ಪೀರಿಯಡ್ ಸುಮ್ನೆ ಎಣಿಸಿ. ನೀವು ಎಷ್ಟು ಪ್ರಶ್ನೆ ಕೇಳಿದಿರಿ, ಮಕ್ಕಳು ಎಷ್ಟು ಕೇಳಿದರು, ಯಾವ ಬೆಂಚಿನಿಂದ ಬಂತು. "ನೀರು ಕುಡಿದು ಬರ್ಲಾ?", "ಲೈನ್ ಬಿಡ್ಬೇಕಾ?" ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಣಿಸುವುದು ಕಷ್ಟ ಆದರೆ ಮೊಬೈಲಿನಲ್ಲಿ ನಿಮ್ಮ ಪಾಠ ರೆಕಾರ್ಡ್ ಮಾಡಿ, ಮನೆಯಲ್ಲಿ ಒಬ್ಬರೇ ಕೇಳಿ, ಅಳಿಸಿಬಿಡಿ. ನಾನು ಮೊದಲ ಸಲ ಕೇಳಿದಾಗ 40 ನಿಮಿಷದಲ್ಲಿ ನನ್ನ ದನಿ ಬಿಟ್ಟು ಬೇರೆ ದನಿ ಹೆಚ್ಚು ಕೇಳಲೇ ಇಲ್ಲ. ಮಕ್ಕಳ ದನಿ ಅಂತ ಇದ್ದದ್ದು ನಾನು ಅರ್ಧ ಹೇಳಿ ಬಿಟ್ಟ ವಾಕ್ಯಕ್ಕೆ ಅವರು ಸೇರಿಸುತ್ತಿದ್ದ ಬಾಲ. "ಇದನ್ನು ಏನಂತಾರೆ? ಆಮ್..." "ಲಾ!" ಅಷ್ಟೇ.

ಈ ಲೆಕ್ಕ ಯಾರಿಗೂ ತೋರಿಸಬೇಕಾಗಿಲ್ಲ. ಒಂದು ತಿಂಗಳಾದ ಮೇಲೆ ಮತ್ತೆ ಎಣಿಸಿದಾಗ ಹೋಲಿಸಿ ನೋಡಲು ಬೇಕು.

## ಹಂತ 2: ಕಾಯುವುದನ್ನು ಕಲಿಯಿರಿ

ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಒಂದು ವಿಷಯ ಗಮನಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಮಾತಾಡಿದರು, ಮಕ್ಕಳೇ ತಿರುಗಿ ಪ್ರಶ್ನೆ ಕೇಳುವುದು ಜಾಸ್ತಿಯಾಯಿತು.

ಕಾಯಬೇಕಾದ ಜಾಗ ಎರಡು. ನೀವು ಪ್ರಶ್ನೆ ಕೇಳಿದ ಮೇಲೆ ಒಂದು. ಮಗು ಮಾತಾಡಿ ನಿಲ್ಲಿಸಿದ ಮೇಲೆ ಇನ್ನೊಂದು. ಎರಡನೆಯದನ್ನು ನಾವೆಲ್ಲರೂ ಮರೆಯುತ್ತೇವೆ. ಮಗು ಅರ್ಧ ಹೇಳಿ ಉಸಿರು ಎಳೆದುಕೊಳ್ಳುತ್ತಿರುತ್ತದೆ, ಅಷ್ಟರಲ್ಲಿ ನಾವು "ಸರಿ, ಕೂತ್ಕೋ" ಅಂದುಬಿಡುತ್ತೇವೆ, ಅದರ ಬಾಯಲ್ಲಿ ಬರಲಿದ್ದ "ಆದ್ರೆ ಮೇಡಂ..." ಅಲ್ಲೇ ಉಳಿಯುತ್ತದೆ.

3 ಸೆಕೆಂಡ್ ಕೇಳಲು ಚಿಕ್ಕದು, ತರಗತಿಯಲ್ಲಿ ನಿಂತಾಗ ಒಂದು ಯುಗ. ಮನಸ್ಸಿನಲ್ಲೇ "ಒಂದು ಆನೆ, ಎರಡು ಆನೆ, ಮೂರು ಆನೆ" ಅಂತ ಎಣಿಸಿ. ಇಲ್ಲವೇ ಕಿಟಕಿಯವರೆಗೆ ನಡೆದು ಬನ್ನಿ. ಮೊದಲ ವಾರ ಮಕ್ಕಳಿಗೆ ವಿಚಿತ್ರ ಅನಿಸುತ್ತದೆ, ಕೆಲವರು ನಗುತ್ತಾರೆ. ನೀವು ಗಾಬರಿಯಾಗಿ ಉತ್ತರ ಹೇಳಿಬಿಡಬೇಡಿ. ಮೇಡಂ ಸುಮ್ಮನೆ ನಿಂತರೆ ಉತ್ತರ ತಾನಾಗೇ ಬರುತ್ತದೆ ಅಂತ ಅವರಿಗೆ ಒಮ್ಮೆ ಗೊತ್ತಾಗಿಬಿಟ್ಟರೆ ಕಾಯುವ ಕೆಲಸ ಅವರದ್ದಾಗುತ್ತದೆ.

ಈ ಹಂತ ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬೇಡಿ. ಒಂದು ವಾರ ಬೇಕು.

## ಹಂತ 3: ಅಚ್ಚರಿ ಹುಟ್ಟಿಸುವ ಒಂದು ವಸ್ತು ಇಡಿ

ಹಿಂದಿನ ದಿನವೇ ಅರಿಶಿನಕ್ಕೆ ಸ್ವಲ್ಪ ನೀರು ಹಾಕಿ ಕಲಸಿ, ಬಿಳಿ ಹಾಳೆಗೆ ತೆಳ್ಳಗೆ ಬಳಿದು, ನೆರಳಲ್ಲಿ ಒಣಗಿಸಿ, ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಅದಕ್ಕೇ ನೆರಳು.

ತರಗತಿಗೆ ಹೋದಾಗ ಪಾಠದ ಹೆಸರು ಬೋರ್ಡಿನ ಮೇಲೆ ಬರೆಯಬೇಡಿ. "ಆಮ್ಲ ಮತ್ತು ಪ್ರತ್ಯಾಮ್ಲ" ಅಂತ ಬರೆದ ಕೂಡಲೇ ಅರ್ಧ ತರಗತಿ ಪುಸ್ತಕ ತೆಗೆದು ಉತ್ತರದ ಪುಟ ಹುಡುಕುತ್ತದೆ. ಏನೂ ಹೇಳದೆ ಎಲ್ಲರಿಗೂ ಕಾಣುವಂತೆ ಒಂದು ಹಳದಿ ಪಟ್ಟಿ ಹಿಡಿಯಿರಿ. ಒದ್ದೆ ಸಾಬೂನಿನಿಂದ ಅದರ ಮೇಲೆ ಒಂದು ಗೆರೆ ಎಳೆಯಿರಿ. ಸಾಬೂನು ಹೋದ ದಾರಿಯಲ್ಲೆಲ್ಲ ಕೆಂಪು ಮೂಡುತ್ತದೆ, ಇಟ್ಟಿಗೆ ಬಣ್ಣದ ಕೆಂಪು. ಹಿಂದಿನ ಬೆಂಚಿನವರು ಎದ್ದು ನಿಲ್ಲುತ್ತಾರೆ, ನಿಲ್ಲಲಿ. ಅದೇ ಗೆರೆಯ ಮೇಲೆ ಎರಡು ಹನಿ ನಿಂಬೆರಸ ಬಿಡಿ. ಹನಿ ಬಿದ್ದ ಕಡೆ ಮತ್ತೆ ಹಳದಿ.

ಇಷ್ಟಾದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲುವುದೇ ನಿಮ್ಮ ಕೆಲಸ.

ಎಚ್ಚರಿಕೆ: ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದನ್ನು ಮಕ್ಕಳ ಕೈಗೆ ಕೊಡದೆ ನೀವೇ ಹಚ್ಚಿ ತೋರಿಸಿ. ನೀರು ಹಾಕದ ಸುಟ್ಟ ಸುಣ್ಣದ ಗಡ್ಡೆಯನ್ನಂತೂ ತರಗತಿಗೆ ತರಲೇಬೇಡಿ, ನೀರು ಬಿದ್ದರೆ ಅದು ಕುದಿಯುತ್ತದೆ. ಏನನ್ನೂ ನೆಕ್ಕಿ ನೋಡುವಂತಿಲ್ಲ ಅಂತ ಮೊದಲೇ ಹೇಳಿ.

ಬೇರೆ ಪಾಠವಾದರೆ? ಸಮಾಜಕ್ಕೆ ಹಳೆಯ ನಾಣ್ಯ ಅಥವಾ ಊರಿನ ವೀರಗಲ್ಲಿನ ಫೋಟೋ. ಗಣಿತಕ್ಕೆ ಬಸ್ಸಿನ ಟಿಕೆಟ್. ವಸ್ತು ಹೇಗಿರಬೇಕೆಂದರೆ ಅದನ್ನು ನೋಡಿದ ಮಗುವಿಗೆ ನಮ್ಮ ಮಾತಿನ ಹಂಗಿಲ್ಲದೆ ಏನೋ ಒಂದು ಕೇಳಬೇಕೆನಿಸಬೇಕು.

## ಹಂತ 4: ಮೊದಲು ನೋಡಿದ್ದನ್ನು ಹೇಳಿಸಿ

ಇದಕ್ಕೆ ಐದು ನಿಮಿಷ ಸಾಕು. "ಏನು ನೋಡಿದಿರಿ?" ಅಂತ ಮಾತ್ರ ಕೇಳಿ. "ಯಾಕೆ ಹೀಗಾಯಿತು?" ಅಂತ ಈಗಲೇ ಕೇಳಿದರೆ ಮತ್ತೆ ಸರಿ ಉತ್ತರದ ಭಯ ಶುರು. ನೋಡಿದ್ದನ್ನು ಹೇಳುವುದರಲ್ಲಿ ತಪ್ಪಾಗುವುದಿಲ್ಲ, ಎಂದೂ ಬಾಯಿ ಬಿಡದ ಮಗುವೂ "ಕೆಂಪಾಯ್ತು" ಅನ್ನುತ್ತದೆ. ಇನ್ನೊಬ್ಬ "ಅಂಚಲ್ಲಿ ಕಿತ್ತಳೆ ಬಣ್ಣ ಇದೆ" ಅನ್ನುತ್ತಾನೆ. ಇವನ್ನೆಲ್ಲ ಬೋರ್ಡಿನ ಎಡಗಡೆ ಬರೆಯಿರಿ.

## ಹಂತ 5: ಪ್ರಶ್ನೆ ಬರೆಸಿ

ಪಕ್ಕದವರ ಜೊತೆ ಜೋಡಿ ಮಾಡಿಸಿ. ಜೋಡಿಗೊಂದು ಚೀಟಿ. ಐದು ನಿಮಿಷದಲ್ಲಿ ಎಷ್ಟು ಬರುತ್ತೋ ಅಷ್ಟು ಪ್ರಶ್ನೆ ಬರೆಯಬೇಕು. ಕೈ ಎತ್ತಿಸಬೇಡಿ. ಕೈ ಎತ್ತಿಸಿದರೆ ಯಾವಾಗಲೂ ಎತ್ತುವ ಅದೇ ನಾಲ್ಕು ಕೈ. ಜೋಡಿಯಲ್ಲಿ ಬರೆದ ಪ್ರಶ್ನೆ ಒಬ್ಬರ ತಲೆಯ ಮೇಲೆ ಬರುವುದಿಲ್ಲ, ಹಾಗಾಗಿ ಧೈರ್ಯ ಬರುತ್ತದೆ. ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಚಟುವಟಿಕೆ ಪದ್ಧತಿಯಲ್ಲಿ 3ನೇ ತರಗತಿವರೆಗೆ ನೆಲದ ಮೇಲೆ ಗುಂಪಾಗಿ ಕೂತು ಮಾತಾಡಿಕೊಂಡೇ ಕಲಿತ ಮಕ್ಕಳು ಇವರು, ಅಭ್ಯಾಸ ಪೂರ್ತಿ ಬಿಟ್ಟುಹೋಗಿರುವುದಿಲ್ಲ.

ನಿಯಮ ನಾಲ್ಕೇ, ಬೋರ್ಡಿನ ಮೇಲೆ ಬರೆದು ಓದಿಸಿ:

1. ಈಗ ಯಾರೂ ಉತ್ತರ ಹೇಳುವಂತಿಲ್ಲ, ಗೊತ್ತಿದ್ದರೂ.
2. ಯಾರ ಪ್ರಶ್ನೆಗೂ ನಗುವಂತಿಲ್ಲ.
3. ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಬರೆಯಬಹುದು.
4. ಕಾಗುಣಿತ ತಪ್ಪಾದರೂ ಪರವಾಗಿಲ್ಲ.

ಮೂರನೆಯ ನಿಯಮದ ಬೆಲೆ ನನಗೆ ತಡವಾಗಿ ತಿಳಿಯಿತು. ಪಠ್ಯದ ಭಾಷೆಯಲ್ಲಿ ಕೇಳು ಅಂದಾಗ ಮಗುವಿನಿಂದ ಬರುವುದು "ಆಮ್ಲ ಎಂದರೇನು?" ಅನ್ನುವ ಅಭ್ಯಾಸದ ಪ್ರಶ್ನೆ. ತನ್ನ ಮಾತಿನಲ್ಲಿ ಕೇಳು ಅಂದಾಗ "ಹಳದಿ ಎಲ್ಲಿ ಹೋತು?" ಅನ್ನುತ್ತದೆ. ಧಾರವಾಡದ ಕಡೆ "ಯಾಕ", ಕರಾವಳಿಯಲ್ಲಿ "ಎಂತಕ್ಕೆ", ಮನೆಯಲ್ಲಿ ಉರ್ದು, ತುಳು, ಲಂಬಾಣಿ ಆಡುವ ಮಕ್ಕಳಾದರೆ ಅವರ ಮಾತು. ಬರೆಯಲು ಬಾರದಿದ್ದರೆ ಜೋಡಿಯವರು ಬರೆದುಕೊಡಲಿ, ನೀವೂ ಬರೆದುಕೊಡಿ. ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

ಒಮ್ಮೆ ಬಂದ ಚೀಟಿಗಳಲ್ಲಿ ಇದ್ದ ಕೆಲವು: "ಶರ್ಟಿನ ಮೇಲೆ ಸಾರು ಚೆಲ್ಲಿ ಸೋಪು ಹಚ್ಚಿದಾಗ್ಲೂ ಕೆಂಪಾಗುತ್ತಲ್ಲ, ಅದೂ ಇದೇನಾ?" "ಶಾಂಪೂ ಹಾಕಿದ್ರೂ ಆಗುತ್ತಾ?" "ಆರತಿ ತಟ್ಟೆಯ ಕೆಂಪು ನೀರು ಹೇಗೆ ಮಾಡ್ತಾರೆ?" "ಮುಖಕ್ಕೆ ಅರಿಶಿನ ಹಚ್ಚಿ ಸೋಪಲ್ಲಿ ತೊಳೆದ್ರೆ ಮುಖ ಯಾಕೆ ಕೆಂಪಗೇ ಉಳಿಯಲ್ಲ?"

ಕೊನೆಯದನ್ನು ಓದಿ ನಾನು ಸ್ವಲ್ಪ ಹೊತ್ತು ನಿಂತೇಬಿಟ್ಟೆ. ನೀರು ಸುರಿದು ಸಾಬೂನು ತೊಳೆದುಹೋದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ ಅನ್ನುವುದು ಗೊತ್ತಿತ್ತು. ಆದರೆ ಅದು ಕೇಳಬೇಕಾದ ಪ್ರಶ್ನೆ ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

## ಹಂತ 6: ಪ್ರಶ್ನೆಗಳನ್ನು ಗುಡ್ಡೆ ಮಾಡಿ

ಬಹಳ ಜನ ಎಡವುವುದು ಇಲ್ಲಿ. ಚೀಟಿ ಸಿಕ್ಕಿದ ಖುಷಿಯಲ್ಲಿ ಒಂದೊಂದೇ ಓದಿ ಒಂದೊಂದಕ್ಕೂ ಉತ್ತರ ಹೇಳುತ್ತಾ ಹೋಗುತ್ತಾರೆ. ಹತ್ತು ನಿಮಿಷದಲ್ಲಿ ಅದು ಮತ್ತೆ ಮಾಮೂಲಿ ಪಾಠ, ಮಕ್ಕಳು ಮತ್ತೆ ಕೇಳುಗರು.

ಬದಲಿಗೆ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಮಕ್ಕಳಿಂದಲೇ ಮೂರು ಗುಡ್ಡೆ ಮಾಡಿಸಿ:

1. ಇಲ್ಲೇ ಮಾಡಿ ನೋಡಬಹುದು
2. ಯಾರನ್ನಾದರೂ ಕೇಳಿ ಅಥವಾ ಓದಿ ತಿಳಿಯಬಹುದು
3. ಹೇಗೆ ತಿಳಿಯುವುದು ಅಂತ ಇನ್ನೂ ಗೊತ್ತಿಲ್ಲ

ಶಾಂಪೂ ಪ್ರಶ್ನೆ ಮೊದಲನೆಯದಕ್ಕೆ. ಆರತಿ ನೀರಿನದ್ದು ಎರಡನೆಯದಕ್ಕೆ, ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ "ಅರಿಶಿನಕ್ಕೆ ಸುಣ್ಣ ಹಾಕ್ತಾರಮ್ಮ" ಅನ್ನುತ್ತಾರೆ. "ಅರಿಶಿನ ಯಾಕೆ ಬಣ್ಣ ಬದಲಿಸುತ್ತೆ?" ಅನ್ನುವುದು ಮೂರನೆಯದಕ್ಕೆ ಹೋಗುತ್ತದೆ.

ಮೂರನೆಯ ಗುಡ್ಡೆಯ ಪ್ರಶ್ನೆಯನ್ನು ಮೊದಲನೆಯದಕ್ಕೆ ಎಳೆದು ತರುವುದನ್ನು ಮಕ್ಕಳಿಗೆ ಮಾಡಿ ತೋರಿಸಿ. ಇಡೀ ಕೆಲಸದಲ್ಲಿ ನೀವು ನಿಜವಾಗಿ ಕಲಿಸಬೇಕಾದದ್ದು ಇದು. "ಯಾಕೆ ಬದಲಾಗುತ್ತೆ?" ಅನ್ನುವುದಕ್ಕೆ ಕೈ ಹಾಕಲು ಆಗುವುದಿಲ್ಲ. "ಯಾವ್ಯಾವುದು ಹಚ್ಚಿದರೆ ಬದಲಾಗುತ್ತೆ, ಯಾವುದಕ್ಕೆ ಆಗಲ್ಲ?" ಅಂದರೆ ಕೈ ಹಾಕಬಹುದು. "ಯಾಕೆ" ಇದ್ದ ಕಡೆ "ಯಾವ್ಯಾವುದು", "ಎಷ್ಟು", "ಯಾವಾಗ", "ಇದು ಇಲ್ಲದಿದ್ದರೆ?" ಇಟ್ಟು ನೋಡಲು ಹೇಳಿ. ನಾಲ್ಕೈದು ಸಲ ನಿಮ್ಮ ಜೊತೆ ಮಾಡಿದ ಮೇಲೆ ಅವರೇ ತಿರುಗಿಸಲು ಶುರು ಮಾಡುತ್ತಾರೆ.

## ಹಂತ 7: ಮಾಡಿ ನೋಡಲಿ

ಗುಂಪಿಗೆ ಹಳದಿ ಪಟ್ಟಿ ಕೊಡಿ. ನಿಂಬೆರಸ, ಹುಣಸೆ ನೀರು, ಸೋಡಾ ನೀರು, ಉಪ್ಪು ನೀರು, ಸಾಬೂನು ನೀರು, ಬಿಸಿಯೂಟದ ಒಲೆಯಲ್ಲಿ ಸೌದೆ ಉರಿಸುತ್ತಿದ್ದರೆ ಬೂದಿ ಕಲಸಿದ ನೀರು. ಹಚ್ಚುವ ಮೊದಲು ಏನಾಗುತ್ತೆ ಅಂತ ಊಹಿಸಿ ಬರೆಯಬೇಕು. ಊಹೆ ಬರೆಯದೆ ಹಚ್ಚಿದರೆ ಅದು ಬಣ್ಣದ ಆಟವಾಗಿಬಿಡುತ್ತದೆ.

ಸಾಬೂನು ಮತ್ತು ಬೂದಿ ನೀರಿಗೆ ಕೆಂಪು ಬರುತ್ತದೆ, ಸೋಡಾಕ್ಕೆ ಸ್ವಲ್ಪ ಮಂಕು. ಶಾಂಪೂವಿಗೆ ಬಹಳಷ್ಟು ಸಲ ಬರುವುದಿಲ್ಲ, ತಲೆಕೂದಲಿಗೆ ಹಚ್ಚುವ ಹಲವು ಶಾಂಪೂಗಳನ್ನು ಪ್ರತ್ಯಾಮ್ಲೀಯವಾಗದಂತೆ ತಯಾರಿಸಿರುತ್ತಾರೆ. ಮಕ್ಕಳು "ಎರಡೂ ನೊರೆ ಬರುತ್ತೆ, ಎರಡೂ ತೊಳೆಯುತ್ತೆ, ಒಂದಕ್ಕೆ ಮಾತ್ರ ಯಾಕೆ?" ಅಂತ ಜಗಳಕ್ಕೆ ನಿಲ್ಲುತ್ತಾರೆ. ಬಿಡಿಸಲು ಹೋಗಬೇಡಿ.

ಇನ್ನೊಂದು ಪ್ರಶ್ನೆ ಸಾಮಾನ್ಯವಾಗಿ ಬರುತ್ತದೆ, ಬಾರದಿದ್ದರೆ ಕಾಯಿರಿ. ನಿಂಬೆರಸಕ್ಕೂ ಪಟ್ಟಿ ಹಳದಿ, ಬರೀ ನೀರಿಗೂ ಹಳದಿ. "ಹಾಗಾದ್ರೆ ನಿಂಬೆರಸವೂ ನೀರೂ ಒಂದೇನಾ?" ಅರಿಶಿನ ಪ್ರತ್ಯಾಮ್ಲವನ್ನು ಮಾತ್ರ ತೋರಿಸಿಕೊಡುತ್ತದೆ, ಆಮ್ಲವನ್ನೂ ನೀರನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಇದನ್ನು ನೀವು ಹೇಳಬೇಡಿ. ಮರುದಿನ ಕೆಂಪು ದಾಸವಾಳ ತರಿಸಿ, ದಳಗಳನ್ನು ಬಿಸಿನೀರಲ್ಲಿ ನೆನೆಸಿ. ಆ ನೀರು ನಿಂಬೆರಸಕ್ಕೆ ಗಾಢ ಗುಲಾಬಿ, ಸಾಬೂನಿಗೆ ಹಸಿರು. ಈಗ ಪುಸ್ತಕ ತೆಗೆಸಿ. ಹೀಗೆ ಬಣ್ಣ ಬದಲಿಸಿ ಆಮ್ಲ, ಪ್ರತ್ಯಾಮ್ಲ ತೋರಿಸಿಕೊಡುವ ವಸ್ತುವಿಗೆ ಇರುವ "ಸೂಚಕ" ಅನ್ನುವ ಪದ ಅವರಿಗೆ ಬೇಕಾದ ಹೊತ್ತಿಗೇ ಬಂದು ಸೇರುತ್ತದೆ.

## ಹಂತ 8: "ನನಗೆ ಗೊತ್ತಿಲ್ಲ" ಅಂದಮೇಲೆ ಸಾಲ ತೀರಿಸಿ

ನಿಮಗೆ ಉತ್ತರ ಗೊತ್ತಿರದ ಪ್ರಶ್ನೆ ಬಂದೇ ಬರುತ್ತದೆ. ಆಗ "ಅದು ಮುಂದಿನ ಕ್ಲಾಸಲ್ಲಿ ಬರುತ್ತೆ" ಅನ್ನಬೇಡಿ.

ಅಂಥದ್ದೇ ಮಾತು ನಾನೂ ಅಂದಿದ್ದೇನೆ. ತುಂಬ ಹಿಂದೆ, ಸುಣ್ಣ ಚರ್ಮ ಸುಡುತ್ತದೆ ಅಂತ ಪಾಠ ಮಾಡುತ್ತಿದ್ದಾಗ ಕಿಟಕಿ ಪಕ್ಕದ ಹುಡುಗಿ ಎದ್ದು, "ನಮ್ಮಜ್ಜಿ ದಿನಾ ಎಲೆಗೆ ಸುಣ್ಣ ಹಚ್ಕೊಂಡು ತಿಂತಾಳೆ ಮೇಡಂ, ಅವಳ ಬಾಯಿ ಯಾಕೆ ಸುಡಲ್ಲ?" ಅಂದಳು. ಪೋರ್ಷನ್ ಬಾಕಿ ಇತ್ತು. "ಪಾಠದಲ್ಲಿ ಇರೋದು ಕೇಳು" ಅಂದೆ. ಆ ಹುಡುಗಿ ಆ ವರ್ಷ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅವಳ ಜೊತೆ ಆ ಬೆಂಚೇ ಸುಮ್ಮನಾಯಿತು. ಎಲೆಗೆ ಹಚ್ಚುವುದು ನೀರಿನಲ್ಲಿ ಅರಳಿಸಿದ ಸುಣ್ಣ, ಅದೂ ಕಡಲೆಯಷ್ಟು, ಜಾಸ್ತಿಯಾದರೆ ಬಾಯಿ ಸುಟ್ಟೇ ಸುಡುತ್ತದೆ, ಎಲೆ ಅಡಿಕೆ ಹಾಕುವವರೆಲ್ಲರಿಗೂ ಗೊತ್ತು. ಎರಡು ನಿಮಿಷದ ಮಾತಾಗಿತ್ತು. ಇವತ್ತಿಗೂ ಸಂಕಟವಾಗುತ್ತದೆ.

ಪ್ರಶ್ನೆ ಪುಸ್ತಕ ಇದಕ್ಕಾಗಿಯೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಪ್ರಶ್ನೆಯನ್ನು ಮಗುವಿನ ಎದುರೇ ಅದರ ಹೆಸರು, ತಾರೀಕು ಸಮೇತ ಬರೆದುಕೊಳ್ಳಿ, ಶನಿವಾರದೊಳಗೆ ಏನು ಸಿಕ್ಕಿತು ಅಂತ ಹೇಳಿ. ಸಿಗದಿದ್ದರೆ ಎಲ್ಲೆಲ್ಲಿ ಹುಡುಕಿದಿರಿ ಅನ್ನುವುದನ್ನು ಹೇಳಿ. ಎರಡು ಸಲ ತಪ್ಪಿಸಿದರೆ ಪುಸ್ತಕದ ಮೇಲೆ ಮಕ್ಕಳ ನಂಬಿಕೆ ಹೋಗುತ್ತದೆ, ಆಮೇಲೆ ಏನು ಮಾಡಿದರೂ ಮರಳಿ ತರುವುದು ಕಷ್ಟ.

## ಹಂತ 9: ಸಮಯ ಹೊಂದಿಸಿ

"ಇಷ್ಟೆಲ್ಲ ಮಾಡಿದರೆ ಸಿಲಬಸ್ ಮುಗಿಯಲ್ಲ." ಗೊತ್ತು. ಎಲ್ಲ ಪಾಠಕ್ಕೂ ಮಾಡಬೇಡಿ. ತಿಂಗಳಿಗೆ ಒಂದು ಪಾಠ ಹೀಗೆ ಪೂರ್ತಿ, ಉಳಿದ ದಿನ ಹಂತ 2 ಮತ್ತು ಪೀರಿಯಡ್ಡಿನ ಮೊದಲ ಐದು ನಿಮಿಷ ಪ್ರಶ್ನೆ ಬರೆಯುವುದು, ಅಷ್ಟೇ. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ) ಚಟುವಟಿಕೆ ಹೇಗೂ ಮಾಡಲೇಬೇಕಲ್ಲ, ಇದನ್ನೇ ಅದಕ್ಕೆ ಇಟ್ಟುಕೊಳ್ಳಿ, ಚೀಟಿಗಳೇ ದಾಖಲೆ.

ತರಗತಿ ಗಲಾಟೆ ಅಂತ ಮುಖ್ಯಗುರುಗಳು ಆಕ್ಷೇಪಿಸಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೋರಿಸಿ. ಚಟುವಟಿಕೆ, ಅನ್ವೇಷಣೆಗಳ ಮೂಲಕ ಕಲಿಕೆ, ಮಗು ಭಯವಿಲ್ಲದೆ ತನ್ನ ಅನಿಸಿಕೆ ಹೇಳುವಂತಿರಬೇಕು ಅನ್ನುವ ಮಾತು ಅದರಲ್ಲೇ ಇದೆ. ಇನ್ನೂ ಒಳ್ಳೆಯದೆಂದರೆ ಅವರನ್ನೇ ಒಂದು ದಿನ ಹಂತ 3ಕ್ಕೆ ಕರೆದು ಕೂರಿಸಿ.

## ಸಾಮಾನ್ಯ ತಪ್ಪುಗಳು

"ತುಂಬಾ ಒಳ್ಳೆ ಪ್ರಶ್ನೆ!" ಅನ್ನುವುದು. ಒಬ್ಬನಿಗೆ ಹಾಗಂದರೆ ಉಳಿದವರ ಪ್ರಶ್ನೆ ಅಷ್ಟು ಒಳ್ಳೆಯದಲ್ಲ ಅಂತ ಅವರು ತಿಳಿದುಕೊಳ್ಳುತ್ತಾರೆ. "ಬರ್ಕೋತೀನಿ" ಅನ್ನಿ, ಬರೆದುಕೊಳ್ಳಿ. ಮಗುವಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಹೆಚ್ಚು ಪ್ರಶ್ನೆ ಕೇಳಿದವರಿಗೆ ಪೆನ್ನು ಕೊಡುವುದು. ಒಂದು ವಾರ ಚೀಟಿಗಳ ರಾಶಿ ಬೀಳುತ್ತದೆ, ಎಲ್ಲವೂ ಗೈಡಿನಿಂದ ಇಳಿಸಿದ್ದು.

ಗಮನ ಕೊಡದ ಮಗುವನ್ನು ಪ್ರಶ್ನೆ ಕೇಳಿ ನಿಲ್ಲಿಸುವುದು. ಪ್ರಶ್ನೆ ಶಿಕ್ಷೆಯಾದ ತರಗತಿಯಲ್ಲಿ ಯಾರೂ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ಈ ಅಭ್ಯಾಸ ಇದ್ದರೆ ಮೊದಲು ಇದನ್ನು ಬಿಡಿ, ಆಮೇಲೆ ಹಂತ 1ಕ್ಕೆ ಬನ್ನಿ.

ನಗುವನ್ನು ಕಡೆಗಣಿಸುವುದು. ಒಂದು ಪ್ರಶ್ನೆಗೆ ಯಾರೋ ಕಿಸಕ್ಕನೆ ನಕ್ಕಾಗ ಪಾಠ ಅಲ್ಲೇ ನಿಲ್ಲಬೇಕು. ಬೈಯುವುದು ಬೇಡ. ನಕ್ಕವರನ್ನೇ "ಅದಕ್ಕೆ ನಿನ್ನ ಊಹೆ ಏನು?" ಅಂತ ಶಾಂತವಾಗಿ ಕೇಳಿ, ಕಾಯಿರಿ.

## ಹಾದಿ ತಪ್ಪುತ್ತಿದೆ ಅನ್ನುವ ಸೂಚನೆಗಳು

ಪ್ರಶ್ನೆ ಓದುವಾಗ ಮಕ್ಕಳು ಹಳದಿ ಪಟ್ಟಿಯ ಬದಲು ನಿಮ್ಮ ಮುಖ ನೋಡುತ್ತಿದ್ದರೆ ಅವರು ಇನ್ನೂ ನಿಮ್ಮನ್ನು ಮೆಚ್ಚಿಸುತ್ತಿದ್ದಾರೆ. ಹಂತ 4ಕ್ಕೆ ವಾಪಸ್ ಹೋಗಿ.

ಚೀಟಿಗಳಲ್ಲಿ "ಎಂದರೇನು", "ವಿಧಗಳು ಯಾವುವು", "ಉಪಯೋಗಗಳನ್ನು ಬರೆಯಿರಿ" ಅಂತ ಪ್ರಶ್ನೆಪತ್ರಿಕೆಯ ಮಾತುಗಳೇ ಬರುತ್ತಿದ್ದರೆ ನೀವು ಇಟ್ಟ ವಸ್ತುವಿನಲ್ಲಿ ಅಚ್ಚರಿ ಇಲ್ಲ. ವಸ್ತು ಬದಲಿಸಿ.

ಹುಡುಗಿಯರ ಪ್ರಶ್ನೆ ಕಡಿಮೆ ಇದ್ದರೆ ಜೋಡಿಗಳನ್ನು ನೋಡಿ. ಹುಡುಗ ಹೇಳುತ್ತಾನೆ, ಹುಡುಗಿಯ ಅಕ್ಷರ ಚೆನ್ನಾಗಿದೆ ಅಂತ ಅವಳು ಬರೆಯುತ್ತಾಳೆ. ಹೀಗಾಗುವುದು ತುಂಬಾ ಜಾಸ್ತಿ. ಒಬ್ಬರ ಪ್ರಶ್ನೆ ಇನ್ನೊಬ್ಬರು ಬರೆಯಬೇಕು ಅಂತ ನಿಯಮ ಮಾಡಿ, ಸರಿಹೋಗುತ್ತದೆ.

ಸಿಆರ್‌ಪಿ (ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದ ದಿನ ಮಾತ್ರ ಪ್ರಶ್ನೆಗಳ ಮಳೆ ಸುರಿದರೆ ನೀವು ಹೇಳಿಕೊಡದಿದ್ದರೂ ಮಕ್ಕಳು ಅದನ್ನು ಪ್ರದರ್ಶನ ಅಂದುಕೊಂಡಿದ್ದಾರೆ ಅಂತ ಅರ್ಥ.

## ಹಂತ 10: ಪರೀಕ್ಷೆಯಲ್ಲೂ ಜಾಗ ಕೊಡಿ

ಪರೀಕ್ಷೆಯಲ್ಲಿ ಇಲ್ಲದ್ದನ್ನು ಮಕ್ಕಳು ನಂಬುವುದಿಲ್ಲ. ನೀವೇ ತಯಾರಿಸುವ ಕಿರುಪರೀಕ್ಷೆಯ ಕೊನೆಗೆ ಒಂದು ಸಾಲು ಸೇರಿಸಿ: "ಈ ಪಾಠ ಓದಿದ ಮೇಲೆ ನಿಮಗೆ ಇನ್ನೂ ಗೊತ್ತಾಗಬೇಕು ಅನಿಸಿದ ಒಂದು ಪ್ರಶ್ನೆ ಬರೆಯಿರಿ, ಅದನ್ನು ಹೇಗೆ ಕಂಡುಹಿಡಿಯುತ್ತೀರಿ ಹೇಳಿ." ಎರಡು ಅಂಕ. ಕಂಡುಹಿಡಿಯುವ ದಾರಿಗೆ ಒಂದು, ಪ್ರಶ್ನೆ ತನ್ನದೇ ಆಗಿದ್ದರೆ ಒಂದು.

ಮೊದಲ ಸಲ ಬಹಳ ಮಂದಿ ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಬೇಡಿ, ಉತ್ತರಪತ್ರಿಕೆ ಕೊಡುವಾಗ ಆ ಜಾಗ ತೋರಿಸಿ "ಈಗ ಬರೆದುಕೊಡು" ಅನ್ನಿ, ಅಂಕ ಕೊಡಿ. ಮಾರ್ಚ್ ಮುಗಿಯುವಾಗ ಪ್ರಶ್ನೆ ಪುಸ್ತಕದಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಒಂದು ಹಾಳೆಗೆ ಇಳಿಸಿ, ಕೇಳಿದವರ ಹೆಸರಿನ ಸಮೇತ 8ನೇ ತರಗತಿಯ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ. ಜೂನ್ ಮೊದಲ ವಾರ ಅವರು ಆ ಹಾಳೆ ಹಿಡಿದು ಒಳಗೆ ಬಂದು ಹೆಸರು ಕರೆಯಲಿ.